ಬಾವಿಯ ಹೂಳು, ಟಿಪ್ಪುವಿನ ಬಾಣ, ಕಾವಲಿನ ದನ

ಮೊನ್ನೆ ಕೆಳಗಿನ ತೋಟದ ಬಾವಿ ಹೂಳು ತೆಗೆಸಿದೆ. ಏಪ್ರಿಲ್ ಕೊನೆ, ನೀರು ತಳ ಕಂಡಿತ್ತು. ಮಳೆ ಹಿಡಿದ್ರೆ ಮತ್ತೆ ಒಂದು ವರ್ಷ ಕೈಗೆ ಸಿಗಲ್ಲ ಅಂತ ಇಬ್ಬರನ್ನ ಇಳಿಸಿದ್ದು. ಮೇಲೆ ಬಂದಿದ್ದೇನು? ಎರಡು ತಳ ಹೋದ ಕೊಡ, ಅಪ್ಪನ ಕಾಲದಲ್ಲಿ ಹಗ್ಗ ಕಡಿದು ಬಿದ್ದಿದ್ದ ಪಾತಾಳಗರಡಿ, ಒಂದು ರಾಶಿ ತೆಂಗಿನ ಚಿಪ್ಪು, ಬುಟ್ಟಿಗಟ್ಟಲೆ ಕಪ್ಪು ಕೆಸರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಒಂದು ಕೂಗು ಬಂತು: "ಅಣ್ಣಾ, ಕಬ್ಬಿಣದ ಕೊಳವೆ ಸಿಕ್ತು, ಟಿಪ್ಪೂದೇ ಇರ್ಬೇಕು!" ಮೇಲಿದ್ದವರೆಲ್ಲ ಇಣುಕಿ ನೋಡಿದ್ದೇ ನೋಡಿದ್ದು. ತೊಳೆದು ನೋಡಿದ್ರೆ ಹಳೇ ಸೀಮೆಎಣ್ಣೆ ಪಂಪಿನ ಫುಟ್‌ವಾಲ್ವ್. ನಕ್ಕು ನಕ್ಕು ಸಾಕಾಯ್ತು.

ಆದರೆ ಆ ಮಾತು ಬರೀ ತಮಾಷೆ ಅಲ್ಲ ಅನ್ನೋದು ಹೊಸನಗರ, ತೀರ್ಥಹಳ್ಳಿ ಕಡೆಯ ನಮಗೆಲ್ಲ ಗೊತ್ತು. ನಗರದಲ್ಲಿ ಇಂಥದ್ದೇ ಒಂದು ಬಾವಿಯ ಹೂಳಲ್ಲಿ ನಿಜವಾಗಲೂ ಸಿಕ್ಕಿತ್ತು. ಒಂದಲ್ಲ ಎರಡಲ್ಲ, ಸಾವಿರಕ್ಕೂ ಮಿಕ್ಕಿ. ಆ ರಾತ್ರಿ ಕೂತು, ಟಿಪ್ಪುವಿನ ಸೇನೆಯ ಸಾಮಾನು ಈಗ ಎಲ್ಲೆಲ್ಲಿ ಏನೇನು ಉಳಿದಿದೆ ಅಂತ ಒಂದು ಪಟ್ಟಿ ಮಾಡಿದೆ. ಓದಿದ್ದು, ನೋಡಿದ್ದು, ಕೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರೀತಿದ್ದೀನಿ. ಅಡಿಕೆ ಕೆಲಸ ಮುಗಿದು ಸ್ವಲ್ಪ ಬಿಡುವಿದ್ದವರು ಓದಿ. ಕೊನೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳ್ತೀನಿ.

ಮೊದಲೇ ಒಂದು ಮಾತು. ಟಿಪ್ಪು ಅಂದ ಕೂಡಲೇ ನಮ್ಮಲ್ಲಿ ಎರಡು ಪಂಗಡ ಆಗುತ್ತೆ. ಕೊಡಗಿನವರ ನೆನಪು ಬೇರೆ, ಸೆರೆ ಹೋದ ಮಂಗಳೂರು ಕ್ರೈಸ್ತರ ನೆನಪು ಬೇರೆ, ಶ್ರೀರಂಗಪಟ್ಟಣದ ಕಡೆಯವರ ನೆನಪು ಬೇರೆ. ನಮ್ಮೂರ ಮಟ್ಟಿಗೆ ಹೇಳೋದಾದ್ರೆ ಅವನ ಅಪ್ಪ ಹೈದರಾಲಿ ಕೆಳದಿ ಅರಸರ ರಾಜಧಾನಿಯನ್ನ ಗೆದ್ದು ಬಂದವನು. ರಾಣಿ ವೀರಮ್ಮಾಜಿಯನ್ನ ಸೆರೆ ಹಿಡಿದು ಮಧುಗಿರಿ ಕೋಟೆಯಲ್ಲಿ ಇಟ್ಟವನು. ಅದನ್ನ ಮರೆತು ಬರೆಯೋಕೆ ಆಗಲ್ಲ. ಇಲ್ಲಿ ನಾನು ನೋಡ್ತಿರೋದು ಸಾಮಾನುಗಳನ್ನ: ಯಾರು ಮಾಡಿದ್ರು, ಯಾರು ಹೊತ್ತೊಯ್ದರು, ಏನು ಉಳೀತು, ಯಾಕೆ ಉಳೀತು.

ಶುರುವಿನಿಂದ ಹೇಳ್ತೀನಿ. ಇವತ್ತಿನ ನಗರ ಆಗಿನ ಬಿದನೂರು, ಬಿದಿರಿನ ಊರು. ಹೈದರ್ ಅದನ್ನ ಹಿಡಿದದ್ದು 1763ರಲ್ಲಿ. ಸಿಕ್ಕ ಸಂಪತ್ತು ನೋಡಿ ಊರಿಗೆ ತನ್ನ ಹೆಸರನ್ನೇ ಇಟ್ಟ, ಹೈದರ್‌ನಗರ ಅಂತ. ಕಾಲ ಕಳೆದ ಹಾಗೆ ಹೈದರ್ ಉದುರಿ ನಗರ ಮಾತ್ರ ಉಳೀತು. ಅಲ್ಲಿ ಟಂಕಸಾಲೆ ಇತ್ತು, ಮದ್ದುಗುಂಡಿನ ಉಗ್ರಾಣ ಇತ್ತು. ಕರಾವಳಿಗೆ ಇಳಿಯೋ ಘಾಟಿಯ ಬಾಯಲ್ಲಿ ಇರೋದ್ರಿಂದ ಸೇನೆಗೆ ಅದು ಬಹಳ ಮುಖ್ಯದ ಜಾಗ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಅನ್ನೋ ಇಂಗ್ಲಿಷ್ ಸೇನಾಪತಿ ಘಾಟಿ ಹತ್ತಿ ಬಂದು ನಗರ ಹಿಡಿದ. ಹೈದರ್ ತೀರಿಕೊಂಡು ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಟಿಪ್ಪು ತಮಿಳು ಸೀಮೆಯಿಂದ ಸೇನೆ ತಿರುಗಿಸಿಕೊಂಡು ಬಂದು, ಬೇಸಗೆ ಮುಗಿಯೋದ್ರೊಳಗೆ ಕೋಟೆ ವಾಪಸ್ ತಗೊಂಡ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ನಾವು ಈಗ ಸಂತೆಗೆ ಹೋಗೋ ದಾರಿಯಲ್ಲಿ ನಡೆದ ಕಥೆ ಇದು.

ಇನ್ನು ಬಾವಿಯ ವಿಷಯ. 2002ರಲ್ಲಿ ನಗರದ ಒಂದು ಜಮೀನಿನ ಬಾವಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ನೂರಕ್ಕೂ ಹೆಚ್ಚು ಸಿಕ್ಕವು. ಮದ್ದುಗುಂಡಿನ ಚಿಪ್ಪು ಅಂದುಕೊಂಡು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮ್ಯೂಸಿಯಮ್ಮಿಗೆ ಸಾಗಿಸಿದರು. ಅವು ಅಲ್ಲಿ ಸುಮಾರು ಹತ್ತು ವರ್ಷ ಸುಮ್ಮನೆ ಬಿದ್ದಿದ್ದವು. ಆಮೇಲೆ ಪರಿಶೀಲನೆ ಮಾಡಿದಾಗ ಗೊತ್ತಾಯ್ತು, ಇವು ಗುಂಡಲ್ಲ, ಬಾಣ. ಅಂದ್ರೆ ರಾಕೆಟ್. 2018ರ ಜುಲೈಯಲ್ಲಿ ಪುರಾತತ್ವ ಇಲಾಖೆಯವರು ಮತ್ತೆ ಆ ಪಾಳುಬಾವಿಗೆ ಇಳಿದು ಅಗೆದರು. ಮೂರು ದಿನದ ಕೆಲಸ. ಸಾವಿರಕ್ಕೂ ಹೆಚ್ಚು ರಾಕೆಟ್ ಮೇಲೆ ಬಂದವು. ಅಗೆಯುವಾಗ ಕೆಸರೇ ಮದ್ದಿನ ವಾಸನೆ ಹೊಡೀತಿತ್ತಂತೆ. ಹಾಗಾಗಿಯೇ ಇನ್ನೂ ಕೆಳಗೆ ಇದೆ ಅಂತ ಅನುಮಾನ ಬಂದದ್ದು.

ಈಗ ಇದರ ಬೆಲೆ ಏನು ಅಂತ ತಿಳಿಯೋಕೆ ಇನ್ನೊಂದು ಲೆಕ್ಕ ಹೇಳ್ತೀನಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಕೋಟೆಯೊಳಗಿನ ಸಾಮಾನು ಎಣಿಸಿದಾಗ ಹಾರಿಸೋಕೆ ತಯಾರಿದ್ದ ರಾಕೆಟ್ 700, ಮದ್ದು ತುಂಬದ ಖಾಲಿ ಕೊಳವೆ 9,000 ಸಿಕ್ಕವು ಅಂತ ಲೆಕ್ಕ ಇದೆ. ಅಷ್ಟೊಂದರಲ್ಲಿ ಇಂಗ್ಲೆಂಡಿನ ವೂಲ್ವಿಚ್‌ನ ಫಿರಂಗಿ ದಳದ ಮ್ಯೂಸಿಯಮ್ಮಿನಲ್ಲಿ ಬಹುಕಾಲ ಕಾಣಸಿಗುತ್ತಿದ್ದದ್ದು ಎರಡೇ ಎರಡು. ಜಗತ್ತಿನ ಇತಿಹಾಸಗಾರರು ಮೈಸೂರು ರಾಕೆಟ್ ಬಗ್ಗೆ ಬರೀಬೇಕಾದ್ರೆ ಆ ಎರಡನ್ನೇ ನೋಡಿ ಬರೀತಿದ್ರು. ಅಂಥದ್ದರಲ್ಲಿ ನಮ್ಮ ಹೊಸನಗರ ತಾಲೂಕಿನ ಒಂದು ಬಾವಿ ಸಾವಿರ ಇಟ್ಕೊಂಡು ಕೂತಿತ್ತು, ಮಾರಾಯ್ರೆ.

ಹೇಗೆ ಉಳೀತು ಅನ್ನೋದು ರೈತರಿಗೆ ಬೇಗ ಅರ್ಥ ಆಗುತ್ತೆ. ನಮ್ಮ ಮಳೆಗೆ ಹೊರಗಿಟ್ಟ ಕತ್ತಿ, ಗುದ್ದಲಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಹೋಗುತ್ತೆ. ಆದರೆ ಹೂಳಿನ ಒಳಗೆ, ಗಾಳಿ ತಾಗದ ಕಡೆ ಹೂತ ಕಬ್ಬಿಣ ನಿಧಾನಕ್ಕೆ ಹಾಳಾಗುತ್ತೆ. ತುಕ್ಕಿಗೆ ನೀರೊಂದೇ ಸಾಲದು, ಗಾಳಿಯೂ ಬೇಕು. ನನ್ನ ಬಾವಿಯ ಪಾತಾಳಗರಡಿಯನ್ನೇ ನೋಡಿ, ನಲವತ್ತು ವರ್ಷ ಕೆಸರಲ್ಲಿದ್ದು ಕೊಕ್ಕೆ ಇನ್ನೂ ಗಟ್ಟಿ ಇದೆ.

ಈ ರಾಕೆಟ್ ಅಂದ್ರೆ ಏನು? ಒಂದು ಕಬ್ಬಿಣದ ಕೊಳವೆ. ನಗರದಲ್ಲಿ ಸಿಕ್ಕವು ಒಂದು ಅಡಿಯ ಆಚೆ ಈಚೆ. ಒಂದು ಬಾಯಿ ಮುಚ್ಚಿರುತ್ತೆ, ಇನ್ನೊಂದು ಕಡೆ ಬೆಂಕಿ ಹೊರಬರೋಕೆ ತೂತು. ಒಳಗೆ ಪೆಟ್ಲುಪ್ಪು, ಇದ್ದಿಲು, ಗಂಧಕದ ಮದ್ದು. ಅದನ್ನ ಉದ್ದನೆಯ ಬಿದಿರಿನ ಗಳಕ್ಕೆ ಚರ್ಮದ ಪಟ್ಟಿಯಲ್ಲಿ ಬಿಗಿದು ಕಟ್ತಿದ್ರು. ಗಳ ಇಲ್ಲದಿದ್ರೆ ಅದು ದೀಪಾವಳಿಯ ಕೆಟ್ಟ ಬಾಣದ ಹಾಗೆ ಅಂಗಳದಲ್ಲೇ ಸುತ್ತಾಡುತ್ತೆ. ಕೆಲವಕ್ಕೆ ಬಿದಿರಿನ ಬದಲು ಕತ್ತಿಯ ಅಲಗನ್ನೇ ಕಟ್ಟುತ್ತಿದ್ದರು.

ಬಾಣ ಹಾರಿಸೋದು ಹೊಸದಲ್ಲ. ಚೀನಾದವರಿಗೆ ಶತಮಾನಗಳ ಹಿಂದೆಯೇ ಗೊತ್ತಿತ್ತು, ಮೊಗಲರ ಸೇನೆಯಲ್ಲೂ ಇತ್ತು. ಹೊಸದು ಯಾವುದು ಅಂದ್ರೆ ಕಬ್ಬಿಣದ ಕೊಳವೆ. ಕಾಗದದ್ದೋ ಬಿದಿರಿನದ್ದೋ ಕೊಳವೆಗೆ ಜಾಸ್ತಿ ಮದ್ದು ಗಿಡಿದು ತುಂಬಿದ್ರೆ ಒಡೆದು ಹೋಗುತ್ತೆ. ಕಬ್ಬಿಣ ಒತ್ತಡ ತಡೆಯುತ್ತೆ, ಅದಕ್ಕೇ ದೂರ ಹೋಗುತ್ತೆ. ಒಂದರಿಂದ ಎರಡು ಕಿಲೋಮೀಟರ್ ತನಕ ಹೋಗ್ತಿತ್ತು. ಆ ಕಾಲದ ಯೂರೋಪಿನ ಸೇನೆಗಳ ಹತ್ತಿರ ಇಂಥದ್ದು ಇರಲಿಲ್ಲ. ಇದರ ಹಿಂದೆ ಇದ್ದದ್ದು ನಮ್ಮ ಕಮ್ಮಾರರ ಕೈ. ಇದ್ದಿಲಿನ ಒಲೆಯಲ್ಲಿ ಕಾಸಿದ ಮೈಸೂರು ಸೀಮೆಯ ಕಬ್ಬಿಣ, ಅದನ್ನ ತಗಡು ಮಾಡಿ ಸುತ್ತಿ ಬೆಸೆಯೋ ಕೌಶಲ. ಬೆಂಗಳೂರಿನ ಹಳೇ ಪೇಟೆಯಲ್ಲಿ ತಾರಾಮಂಡಲಪೇಟೆ ಅಂತ ಈಗಲೂ ಒಂದು ಹೆಸರಿದೆ. ಅದು ಈ ಬಾಣ ಮಾಡುವವರ ಬೀದಿಯೇ.

ಇನ್ನೊಂದು ವಿಷಯ ನಿಮಗೆ ಹತ್ತಿರದ್ದು. ಪೆಟ್ಲುಪ್ಪು ಅಂದ್ರೆ ಪೊಟ್ಯಾಸಿಯಂ ನೈಟ್ರೇಟ್. ಡ್ರಿಪ್ಪಿಗೆ ಬಿಡೋಕೆ ನಾವು ಅಂಗಡಿಯಿಂದ ತರ್ತೀವಲ್ಲ, 13:0:45 ಅಂತ ಚೀಲದ ಮೇಲೆ ಬರೆದಿರುತ್ತೆ, ಅದೇ ಉಪ್ಪು. ಆಗ ಅದನ್ನ ಗಂಜಲ, ಸೆಗಣಿ ಇಂಗಿದ ಮಣ್ಣನ್ನ ನೀರಲ್ಲಿ ಕರಗಿಸಿ, ಸೋಸಿ, ಕಾಯಿಸಿ ತೆಗೀತಿದ್ರು. ಕೊಟ್ಟಿಗೆಯ ಮಣ್ಣು ಗದ್ದೆಗೂ ಬೇಕು, ಸೇನೆಗೂ ಬೇಕು. ನಗರದ ರಾಕೆಟ್‌ಗಳ ಒಳಗೆ ಪರೀಕ್ಷೆಯಲ್ಲಿ ಸಿಕ್ಕದ್ದೂ ಈ ಪೆಟ್ಲುಪ್ಪು ಮತ್ತು ಇದ್ದಿಲು.

ಇವು ಯುದ್ಧದಲ್ಲಿ ಏನು ಮಾಡಿದವು ಅನ್ನೋದಕ್ಕೆ ಎರಡು ದಿನಾಂಕ ಸಾಕು. 1780ರ ಸೆಪ್ಟೆಂಬರ್ 10, ಕಾಂಚೀಪುರದ ಹತ್ತಿರ ಪೊಳ್ಳಿಲೂರು. ಟಿಪ್ಪು ಆಗಿನ್ನೂ ಸುಲ್ತಾನ ಅಲ್ಲ, ಅಪ್ಪನ ಸೇನೆಯ ಒಬ್ಬ ಸೇನಾಪತಿ. ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನ ಅಪ್ಪ ಮಗ ಸೇರಿ ಸುತ್ತುವರಿದರು. ಇಂಗ್ಲಿಷರ ಮದ್ದಿನ ಬಂಡಿಗಳಿಗೇ ಬೆಂಕಿ ಬಿದ್ದು ಸಿಡಿದವು, ಪಡೆ ಪೂರ್ತಿ ಸೋತು ಸೆರೆ ಸಿಕ್ಕಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇರೋ ದೊಡ್ಡ ಚಿತ್ರ ಈ ಯುದ್ಧದ್ದೇ. ಶಾಲೆ ಪ್ರವಾಸದಲ್ಲಿ ನೀವೂ ನೋಡಿರ್ತೀರಿ. ಎರಡನೇದು 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹೊರಗೆ ಸುಲ್ತಾನಪೇಟೆಯ ತೋಪು. ಆರ್ಥರ್ ವೆಲ್ಲೆಸ್ಲಿ, ಅಂದ್ರೆ ಮುಂದೆ ನೆಪೋಲಿಯನ್ನನ್ನ ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್, ಆ ತೋಪಿಗೆ ರಾತ್ರಿ ನುಗ್ಗಿ, ಕತ್ತಲಲ್ಲಿ ಬಾಣ ಬಂದೂಕಿನ ಹೊಡೆತಕ್ಕೆ ಸಿಕ್ಕಿ, ದಾರಿ ತಪ್ಪಿ ವಾಪಸ್ ಬಂದ. ರಾತ್ರಿ ಹೊತ್ತು ಗೊತ್ತಿಲ್ಲದ ತೋಟಕ್ಕೆ ಹೋಗಬಾರದು ಅಂತ ನಮ್ಮ ಹಿರಿಯರು ಹೇಳೋದು ಸುಮ್ಮನೆ ಅಲ್ಲ!

ಆಮೇಲಿನ ಕಥೆ ಬಹಳ ಜನಕ್ಕೆ ಗೊತ್ತು. ಹೊತ್ತೊಯ್ದ ರಾಕೆಟ್ ಮಾದರಿ ನೋಡಿ ವಿಲಿಯಂ ಕಾಂಗ್ರಿವ್ ಅನ್ನೋನು ವೂಲ್ವಿಚ್‌ನಲ್ಲಿ ಪ್ರಯೋಗ ಮಾಡಿದ. 1806ರಲ್ಲಿ ಫ್ರಾನ್ಸಿನ ಬೊಲೋನ್ ಬಂದರಿನ ಮೇಲೆ, 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಅವು ಹಾರಿದವು. ಅಮೆರಿಕದವರ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಮಾತು ಬರೋದು ಆ ಬಾಲ್ಟಿಮೋರ್ ರಾತ್ರಿಯಿಂದ. ಅಬ್ದುಲ್ ಕಲಾಂ ಅವರು ಯುವಕರಾಗಿದ್ದಾಗ ತರಬೇತಿಗೆ ಅಮೆರಿಕಕ್ಕೆ ಹೋಗಿ, ಅಲ್ಲಿನ ನಾಸಾ ಕೇಂದ್ರದ ಗೋಡೆಯಲ್ಲಿ ಮೈಸೂರು ಸೇನೆ ರಾಕೆಟ್ ಬಿಡುವ ಚಿತ್ರ ನೋಡಿ ಆಶ್ಚರ್ಯ ಪಟ್ಟದ್ದನ್ನ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಈಗ ಸಾಮಾನು ಹೊರಗೆ ಹೋದ ಕಥೆ. 1799ರ ಮೇ 4, ಮಧ್ಯಾಹ್ನದ ಬಿಸಿಲು. ಕಾವೇರಿಯಲ್ಲಿ ನೀರು ಕಮ್ಮಿ. ಮಳೆಗಾಲದ ಹೊಳೆ ಇದ್ದಿದ್ರೆ ದಾಟೋದು ಅಷ್ಟು ಸುಲಭ ಇರಲಿಲ್ಲ. ಕೋಟೆ ಗೋಡೆ ಒಡೆದು ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಇವನು ಯಾರು ಗೊತ್ತಾ? ಪೊಳ್ಳಿಲೂರಿನಲ್ಲಿ ಸೆರೆ ಸಿಕ್ಕು, ಇದೇ ಶ್ರೀರಂಗಪಟ್ಟಣದ ಜೈಲಿನಲ್ಲಿ ಮೂರೂವರೆ ವರ್ಷಕ್ಕೂ ಮಿಕ್ಕಿ ಕೊಳೆತವನು. ಟಿಪ್ಪು ನೀರುಬಾಗಿಲ ಹತ್ತಿರ ಹೋರಾಡುತ್ತಲೇ ಬಿದ್ದ. ರಾತ್ರಿ ದೀವಟಿಗೆ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದರು. ಆ ರಾತ್ರಿ ಊರಿಗೆ ಊರೇ ಲೂಟಿ. ಮಾರನೇ ದಿನ ವೆಲ್ಲೆಸ್ಲಿ ಕೆಲವರನ್ನ ಗಲ್ಲಿಗೆ ಹಾಕಿ ಲೂಟಿ ನಿಲ್ಲಿಸಿದ.

ಲೂಟಿ ನಿಂತಿತು ಅಂದ್ರೆ ಸಾಮಾನು ಉಳೀತು ಅಂತಲ್ಲ. ಆಮೇಲೆ ಲೆಕ್ಕದ ಪ್ರಕಾರ ಹಂಚಿಕೆ ನಡೀತು. ಅದಕ್ಕೊಂದು ಸಮಿತಿ. ಜನರಲ್‌ಗೆ ಇಷ್ಟು, ಸಿಪಾಯಿಗೆ ಇಷ್ಟು ಅಂತ ಪಾಲು. ಟಿಪ್ಪುವಿನ ಸಿಂಹಾಸನ, ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದು, ಎಂಟು ಮೂಲೆಯದು. ಇಡಿಯಾಗಿ ಪಾಲು ಮಾಡೋಕೆ ಆಗಲ್ಲ ಅಂತ ಅದನ್ನ ತುಂಡು ತುಂಡು ಮಾಡಿದರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ, ಅಂದ್ರೆ ಆರ್ಥರನ ಅಣ್ಣನಿಗೆ, ಅದನ್ನ ಇಡಿಯಾಗಿ ರಾಜನಿಗೆ ಕಳಿಸಬೇಕು ಅಂತ ಆಸೆ ಇತ್ತು, ಅಷ್ಟರಲ್ಲಿ ಒಡೆದಾಗಿತ್ತು. ಅಣ್ಣತಮ್ಮಂದಿರು ಹಿಸ್ಸೆ ಆಗುವಾಗ ಮನೆಯ ನಡು ತೊಲೆಯನ್ನ ಗರಗಸ ಹಾಕಿ ಕೊಯ್ದ ಕಥೆ ನಮ್ಮ ಕಡೆಯೂ ಇದೆಯಲ್ಲ, ಅದೇ ಬಾಬತ್ತು. ದೊಡ್ಡ ಹುಲಿಯ ತಲೆ ಮತ್ತು ರತ್ನ ಹಚ್ಚಿದ ಹುಮಾ ಹಕ್ಕಿ ಈಗ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿವೆ. ಸುತ್ತಲಿನ ಕಟಾಂಜನದಲ್ಲಿದ್ದ ಚಿಕ್ಕ ಚಿನ್ನದ ಹುಲಿತಲೆಗಳು ಚೆದುರಿ ಹೋದವು. ಅದರಲ್ಲಿ ಒಂದಕ್ಕೆ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ದೇಶ ಬಿಟ್ಟು ಹೋಗದ ಹಾಗೆ 2021ರಲ್ಲಿ ಬ್ರಿಟಿಷ್ ಸರ್ಕಾರವೇ ತಡೆ ಹಾಕಿತು. ಇಲ್ಲಿಂದ ಹೋಗಿದ್ದು ಅಲ್ಲಿಂದ ಹೊರಗೆ ಹೋಗಬಾರದಂತೆ, ನೋಡಿ.

ಕತ್ತಿಗಳ ಕಥೆ ಇನ್ನೊಂದು. ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕ ಒಂದು ಕತ್ತಿಯನ್ನ ಸೇನೆಯವರು ಬೇರ್ಡ್‌ಗೆ ಗೌರವ ಅಂತ ಕೊಟ್ಟರು. ಅದೇ ಕತ್ತಿ 2023ರ ಮೇ 23ರಂದು ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯ್ತು. ನಮ್ಮ ದುಡ್ಡಲ್ಲಿ ಸುಮಾರು 140 ಕೋಟಿ. 2019ರಲ್ಲಿ ಇನ್ನೊಂದು ಸುದ್ದಿ ಬಂತು. ಇಂಗ್ಲೆಂಡಿನ ಬರ್ಕ್‌ಶೈರ್ ಕಡೆ ಒಂದು ಮನೆಯ ಅಟ್ಟದಲ್ಲಿ ಟಿಪ್ಪು ಕಾಲದ ಬಂದೂಕು, ಕತ್ತಿ ಎಲ್ಲ ಸಿಕ್ಕವು, ಕಂಪನಿಯ ಒಬ್ಬ ಮೇಜರ್ ತಂದಿದ್ದು. ನಮ್ಮ ಅಟ್ಟದಲ್ಲಿ ಹಳೇ ಅಡಿಕೆ ಚೀಲ, ಮುರಿದ ತೊಟ್ಟಿಲು ಇರೋ ಹಾಗೆ ಅವರ ಅಟ್ಟದಲ್ಲಿ ಇದು!

ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಾಗಿದ್ದು ಒಂದು ಡೇರೆ. ವೇಲ್ಸ್ ಸೀಮೆಯ ಪೋವಿಸ್ ಅನ್ನೋ ಕೋಟೆಮನೆಯಲ್ಲಿದೆ. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್ 1799ರ ಹೊತ್ತಿಗೆ ಮದ್ರಾಸಿನ ಗವರ್ನರ್. ಅವನ ಮನೆತನಕ್ಕೆ ಸೇರಿದ್ದು. ಹತ್ತಿಯ ಬಟ್ಟೆ, ಒಳಗಡೆ ಪೂರ್ತಿ ಹೂಕುಂಡದ ಚಿತ್ತಾರದ ಅಚ್ಚು, ಕೆಂಪು ಹಸಿರು ಬಣ್ಣ ಇನ್ನೂ ಮಾಸಿಲ್ಲ. ಸೇನೆ ಹೋದ ಕಡೆ ಹೋಗಿ ನಿಲ್ಲುತ್ತಿದ್ದ ಡೇರೆಯನ್ನ ಆ ಮನೆಯವರು ಆಮೇಲೆ ತೋಟದಲ್ಲಿ ಪಾರ್ಟಿ ಮಾಡೋಕೆ ಶಾಮಿಯಾನದ ಹಾಗೆ ಹಾಕ್ತಿದ್ರಂತೆ. ಹತ್ತಿ ಬೆಳೆದವನು, ನೂಲು ತೆಗೆದವಳು, ನೇಯ್ದವನು, ಅಚ್ಚು ಹಾಕಿದವನು, ಯಾರ ಹೆಸರೂ ಅದರ ಮೇಲೆ ಇಲ್ಲ. ಬಟ್ಟೆ ಮಾತ್ರ ಇನ್ನೂರು ವರ್ಷದ ಮೇಲೂ ನಿಂತಿದೆ.

ಊರಲ್ಲೇ ಉಳಿದದ್ದೂ ಇದೆ. ಶ್ರೀರಂಗಪಟ್ಟಣದಲ್ಲಿ ನೆಲದೊಳಕ್ಕೆ ಅರ್ಧ ಇಳಿದ ಹಾಗೆ ಕಟ್ಟಿದ ಮದ್ದಿನ ಮನೆಗಳಿವೆ, ಇಟ್ಟಿಗೆ ಗಾರೆಯವು. ಬೆಂಗಳೂರು–ಮೈಸೂರು ಜೋಡಿ ರೈಲುಹಳಿಗೆ ಅದರಲ್ಲಿ ಒಂದು ಅಡ್ಡ ಬಂತು. ಕೆಡವಲಿಲ್ಲ. 2017ರಲ್ಲಿ ಬುಡಕ್ಕೆ ಉಕ್ಕಿನ ತೊಲೆ ಕೊಟ್ಟು, ಜಾಕ್ ಹಚ್ಚಿ ಎತ್ತಿ, ಇಡೀ ಕಟ್ಟಡವನ್ನ ನೂರು ಮೀಟರಿಗೂ ಹೆಚ್ಚು ದೂರ ಜಾರಿಸಿ ಕೂರಿಸಿದರು. ಸುಮಾರು ಸಾವಿರ ಟನ್ ತೂಕ. ಮನಸ್ಸಿದ್ರೆ ಉಳಿಸೋಕೆ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ನನ್ನ ಪಟ್ಟಿಯ ಕೊನೆಯ ಸಾಮಾನಿಗೆ ಬರ್ತೀನಿ. ಇದು ಮ್ಯೂಸಿಯಮ್ಮಿನಲ್ಲಿ ಇಲ್ಲ. ಇದು ಹುಲ್ಲು ತಿನ್ನುತ್ತೆ.

ಅಮೃತಮಹಲ್ ದನ. ನಮ್ಮಲ್ಲಿ ಬಹಳ ಜನ ಇದನ್ನ ಬರೀ ಒಂದು ನಾಟಿ ತಳಿ ಅಂದುಕೊಂಡಿದ್ದಾರೆ. ಲೆಕ್ಕಕ್ಕೆ ತಗೊಂಡ್ರೆ ಇದು ಮೈಸೂರು ಸೇನೆಯ ಸಾಮಾನು. ಮೊದಲು ಶುರುವಾದದ್ದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಬೆಣ್ಣೆ ಚಾವಡಿ ಅಂತ ಅರಮನೆಗೆ ಹಾಲು ಬೆಣ್ಣೆ ಒದಗಿಸೋ ಇಲಾಖೆಯಾಗಿ. ದನ ಮೇಯೋಕೆ ಅಂತಲೇ ರಾಜ್ಯದ ತುಂಬ ಕಾವಲು ಬಿಟ್ಟಿದ್ರು. ಹೈದರ್ ಆ ದನಗಳನ್ನ ಫಿರಂಗಿ ಎಳೆಯೋಕೆ, ಸೇನೆಯ ಸರಂಜಾಮು ಹೊರೋಕೆ ಬಳಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟು, ದನ ಹೇಗೆ ಸಾಕಬೇಕು, ಹೋರಿ ಹೇಗೆ ಪಳಗಿಸಬೇಕು ಅಂತ ಹುಕುಂನಾಮೆ ಹೊರಡಿಸಿದ.

ಯುದ್ಧ ಅಂದ್ರೆ ನಮಗೆ ಕತ್ತಿ, ಕುದುರೆ ಕಣ್ಣಿಗೆ ಬರುತ್ತೆ. ಆದರೆ ಫಿರಂಗಿ ತಾನಾಗಿ ನಡೆಯಲ್ಲ. ಅಕ್ಕಿ, ಮದ್ದು, ಡೇರೆ, ಯಾವುದೂ ತಾನಾಗಿ ನಡೆಯಲ್ಲ. ಎತ್ತು ನಿಂತ್ರೆ ಸೇನೆ ನಿಂತ ಹಾಗೆ. ಕೆಸರಲ್ಲಿ ಗಾಡಿ ಹೂತು, ಎತ್ತು ಮಲಗಿಬಿಟ್ಟಾಗ ಏನಾಗುತ್ತೆ ಅಂತ ಅನುಭವ ಇದ್ದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಚಿದಂಬರವನ್ನ ಕಾಪಾಡೋಕೆ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ದಂಡು ನಡೆಸಿದ ಅಂತ ಹಳೇ ಮೈಸೂರು ಗೆಜೆಟಿಯರ್ ಹೇಳುತ್ತೆ, ಅದರ ಗೌರವವನ್ನ ಈ ದನಗಳಿಗೇ ಕೊಡುತ್ತೆ. 1783ರಲ್ಲಿ ನಮ್ಮ ನಗರಕ್ಕೆ ಟಿಪ್ಪು ಅಷ್ಟು ಬೇಗ ದಂಡು ತಿರುಗಿಸಿಕೊಂಡು ಬಂದದ್ದರಲ್ಲೂ ಇವುಗಳ ಪಾಲಿದೆ.

ಇಂಗ್ಲಿಷರಿಗೂ ಇದು ಗೊತ್ತಿತ್ತು. 1799ರಲ್ಲಿ ಚಿನ್ನ, ಕತ್ತಿ ಹಂಚಿಕೊಂಡರು ನಿಜ, ಆದರೆ ವೆಲ್ಲೆಸ್ಲಿ ಆಮೇಲಿನ ಯುದ್ಧಗಳಿಗೆ ಹುಡುಕಿದ್ದು ಮೈಸೂರಿನ ಎತ್ತುಗಳನ್ನ. ಶಿಕಾರಿಪುರ, ನಗರದ ಕಡೆಯಲ್ಲೆಲ್ಲ ದಂಡು ಕಟ್ಟಿ ಎದ್ದಿದ್ದ ಧೋಂಡಿಯ ವಾಘನನ್ನ 1800ರಲ್ಲಿ ಬೆನ್ನಟ್ಟಿ ಕೊಂದದ್ದು, 1803ರಲ್ಲಿ ಮರಾಠರ ಮೇಲೆ ಹೋದದ್ದು, ಎಲ್ಲದಕ್ಕೂ ಎತ್ತಿನ ಬಲವೇ ಆಧಾರ. ಆಮೇಲೆ 1860ರಲ್ಲಿ ಖರ್ಚು ಜಾಸ್ತಿ ಅಂತ ಈ ಹಿಂಡನ್ನ ಮಾರಿಬಿಟ್ಟರು. ತಪ್ಪು ಅರಿವಾಗಿ 1866ರಲ್ಲಿ ಮತ್ತೆ ದನ ಕೂಡಿಸಿ ಇಲಾಖೆ ಶುರು ಮಾಡಿದರು. ಈಗ ಅಜ್ಜಂಪುರದಲ್ಲಿ ಸರ್ಕಾರಿ ತಳಿ ಸಂವರ್ಧನಾ ಕೇಂದ್ರ ಇದೆ. ಚೂಪು ಕೊಂಬು, ಬೂದು ಮೈ, ಹತ್ತಿರ ಹೋದ್ರೆ ತಲೆ ಎತ್ತಿ ನೋಡೋ ಆ ನೋಟ. ಒಂದ್ಸಲ ಹೋಗಿ ನೋಡಿ. ಕತ್ತಿ ನೋಡೋಕೆ ಲಂಡನ್ನಿಗೆ ಹೋಗಬೇಕು, ಇದನ್ನ ನೋಡೋಕೆ ಬೆಳಗಿನ ಬಸ್ಸು ಸಾಕು.

ಆದರೆ ಕಾವಲು? ಅದು ಕರಗ್ತಾ ಬಂದಿದೆ. ಸ್ವಲ್ಪ ಹಂಚಿಕೆಯಾಯ್ತು, ಸ್ವಲ್ಪ ಒತ್ತುವರಿಯಾಯ್ತು. ಚಳ್ಳಕೆರೆಯ ಕಡೆ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು. ಕುರಿ ದನ ಮೇಯಿಸೋ ಸುತ್ತಲಿನ ಹಳ್ಳಿಯವರು ಹಸಿರು ನ್ಯಾಯಮಂಡಳಿ ತನಕ ಹೋದರು. ದೇಶಕ್ಕೆ ಅವೂ ಬೇಕು, ನಾನು ಬೇಡ ಅನ್ನಲ್ಲ. ಆದರೆ ಆ ಸಾಲು ಓದಿದಾಗ ಒಂದು ನಿಮಿಷ ಸುಮ್ಮನೆ ಕೂತೆ. ಟಿಪ್ಪುವಿನ ಸೇನೆಯಲ್ಲಿ ಬಾಣ, ದನ ಎರಡೂ ಒಟ್ಟಿಗೆ ನಡೀತಿದ್ದವು. ಬಾಣದ ಹಿಂದೆ ಅದನ್ನ ಹೊರುವ ಎತ್ತು. ಈಗ ರಾಕೆಟ್ಟಿನವರಿಗೆ ಜಾಗ ಮಾಡಿಕೊಡೋಕೆ ದನ ಏಳಬೇಕಾಗಿ ಬಂತು.

ಕೊನೆಗೆ ನನ್ನ ತಪ್ಪು. ನಮ್ಮ ಹಳೇ ಮನೆಯ ಜಗಲಿಯಲ್ಲಿ ಒಂದು ಕಬ್ಬಿಣದ ಗುಂಡು ಇತ್ತು. ಮೂರು ಕೆಜಿ ಹತ್ತಿರ ತೂಗುತ್ತಿತ್ತು. ಅಜ್ಜ ಗದ್ದೆ ಬೇಣ ಅಗೆಯುವಾಗ ಸಿಕ್ಕಿದ್ದಂತೆ. ಬಾಗಿಲು ಗಾಳಿಗೆ ಹೊಡೆದುಕೊಳ್ಳದ ಹಾಗೆ ಒತ್ತು ಇಡೋಕೆ ಅದು. ನಾವು ಮಕ್ಕಳೆಲ್ಲ ಅದನ್ನ ಉರುಳಿಸಿ ಆಡಿ ಬೈಸಿಕೊಂಡಿದ್ದೀವಿ. ಹೊಸ ಮನೆ ಕಟ್ಟಿದಾಗ ಮುರಿದ ನೇಗಿಲ ಗುಳ, ಹಳೇ ಸರಳು, ಪೈಪು ಎಲ್ಲದರ ಜೊತೆ ಅದನ್ನೂ ಗುಜರಿಯವನ ತಕ್ಕಡಿಗೆ ಹಾಕಿದೆ. ಅಪ್ಪ ಜಗಲಿಯಲ್ಲೇ ಕೂತಿದ್ದರು. "ಅದನ್ನ ಇಟ್ಕೊಳ್ಳೋ" ಅಂದ್ರು. "ಇಟ್ಕೊಂಡು ಎಂಥ ಮಾಡೋದು?" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಬಂದ ದುಡ್ಡು ಆ ದಿನ ಪೇಟೆಗೆ ಹೋಗಿ ಬರೋ ಬಸ್ ಚಾರ್ಜಿಗೆ ಸರಿಯಾಯ್ತು. ಈಗ ಅಪ್ಪ ಇಲ್ಲ. ಶಿವಮೊಗ್ಗದ ಮ್ಯೂಸಿಯಮ್ಮಿನಲ್ಲಿ ಫಿರಂಗಿ ಗುಂಡು ನೋಡಿದಾಗಲೆಲ್ಲ ಆ ತಕ್ಕಡಿ ನೆನಪಾಗುತ್ತೆ. ಲಂಡನ್ನಿನವರು ಹೊತ್ತೊಯ್ದರು ಅಂತ ನಾವು ಬೈತೀವಿ. ಅವರು ಎತ್ತಿಟ್ಟುಕೊಂಡದ್ದಾದ್ರೂ ಇದೆ. ನಾನು ಕರಗಿಸೋಕೆ ಕೊಟ್ಟೆ.

ಹಾಗಾಗಿ ನಾಲ್ಕು ಮಾತು, ಬಾವಿ ಹೂಳು ತೆಗೆಸೋ, ಜೆಸಿಬಿ ಇಳಿಸೋ ಈ ಹಂಗಾಮಿನಲ್ಲಿ:

ಒಂದು, ಮಣ್ಣಲ್ಲಿ ಕಬ್ಬಿಣದ ಕೊಳವೆ, ಗುಂಡು, ಹಳೇ ಬಂದೂಕಿನ ತುಂಡು ಸಿಕ್ಕಿದ್ರೆ ಬಡಿಯೋದು, ಕುಯ್ಯೋದು, ಬೆಂಕಿ ಹತ್ತಿರ ಇಡೋದು ಬೇಡ. ಒಳಗೆ ಮದ್ದು ಇರಬಹುದು, ಒಣಗಿದ್ರೆ ಅಪಾಯ. ಮಕ್ಕಳ ಕೈಗೆ ಕೊಡಲೇಬೇಡಿ.

ಎರಡು, ತೊಳೆದು ಉಜ್ಜಿ ಹೊಳಪು ಮಾಡೋಕೆ ಹೋಗಬೇಡಿ. ಕೆಸರಿನ ಸಮೇತ ಒದ್ದೆ ಗೋಣಿಯಲ್ಲಿ ಇಡಿ. ಸಿಕ್ಕ ಜಾಗ, ಆಳ ಎಷ್ಟು ಅಂತ ಬರೆದಿಡಿ, ಫೋಟೋ ತೆಗೀರಿ. ಯಾವ ಮಣ್ಣಲ್ಲಿ, ಎಷ್ಟು ಆಳದಲ್ಲಿ ಅನ್ನೋದು ಗೊತ್ತಿಲ್ಲದಿದ್ರೆ ಅದು ಅರ್ಧ ಇತಿಹಾಸ.

ಮೂರು, ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಭೂಮಿಯಲ್ಲಿ ಸಿಕ್ಕ ನಿಧಿ ಬಚ್ಚಿಡೋದು ಕಾನೂನಿನಲ್ಲಿ ಅಪರಾಧ. ಜಮೀನು ಹೋಗಿಬಿಡುತ್ತೆ ಅನ್ನೋ ಹೆದರಿಕೆ ನಮ್ಮಲ್ಲಿ ಬಹಳ ಇದೆ. ಒಂದು ಸಾಮಾನು ಸಿಕ್ಕ ಮಾತ್ರಕ್ಕೆ ಜಮೀನು ಸರ್ಕಾರದ್ದಾಗಲ್ಲ. ಜಾಗವನ್ನ ಸ್ಮಾರಕ ಅಂತ ಮಾಡೋಕೆ ಬೇರೆಯೇ ಅಧಿಸೂಚನೆ, ಬೇರೆಯೇ ದಾರಿ ಇದೆ.

ನಾಲ್ಕು, ಗುಜರಿಗೆ ಹಾಕೋ ಮೊದಲು ಮನೆಯ ಹಿರಿಯರನ್ನ ಒಂದು ಮಾತು ಕೇಳಿ. ಅವರು "ಇಟ್ಕೋ" ಅಂದ್ರೆ ಇಟ್ಕೊಳ್ಳಿ.

ನನ್ನ ಬಾವಿಗೆ ಈಗ ತಿಳಿನೀರು ಬಂದಿದೆ. ಫುಟ್‌ವಾಲ್ವ್ ಮತ್ತು ಪಾತಾಳಗರಡಿ ಎರಡನ್ನೂ ಜಗಲಿಯ ಮೂಲೆಯಲ್ಲಿ, ಗುಂಡು ಇದ್ದ ಜಾಗದಲ್ಲೇ ಇಟ್ಟಿದ್ದೀನಿ. ಗುಜರಿಯವನು ನಿನ್ನೆ ಬಂದಿದ್ದ. ಈ ಸಲ ಏನೂ ಇಲ್ಲ ಅಂದೆ.